ಬಾವುಟಗುಡ್ಡೆಯಲ್ಲಿ ಬೆನ್ನ ಹಿಂದೆ ನೋಡಿದರೆ...

ಮೊನ್ನೆ ಆಫೀಸಿನ ಗೆಳೆಯನೊಬ್ಬ, "ವೀಕೆಂಡಿಗೆ ಮಂಗಳೂರಿಗೆ ಹೊರಟಿದ್ದೀವಿ, ಒಳ್ಳೆ ವ್ಯೂ ಪಾಯಿಂಟುಗಳ ಲಿಸ್ಟು ಕೊಡೋ" ಅಂದ. ನಾನು ಸುಳ್ಯದ ಕಡೆಯವನು, ಮೇಲಾಗಿ ಸುರತ್ಕಲ್ಲಿನಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ಅಂತ ಅವನಿಗೆ ಭರವಸೆ. ಐದೇ ನಿಮಿಷದಲ್ಲಿ ಮೂರು ಹೆಸರು ಟೈಪ್ ಮಾಡಿ ಕಳಿಸಿದೆ. ಸುರತ್ಕಲ್ ದೀಪಸ್ತಂಭ, ಸುಲ್ತಾನ್ ಬತ್ತೇರಿ, ಬಾವುಟಗುಡ್ಡೆ.

ಕಳಿಸಿದ ಮೇಲೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಈ ಮೂರರಲ್ಲಿ ಒಂದೂ ಸೂರ್ಯಾಸ್ತ ನೋಡುವುದಕ್ಕೆ ಅಂತ ಆದದ್ದಲ್ಲವಲ್ಲ! ಮೂರೂ ಕಡೆ ಜನ ಕಣ್ಣಿಟ್ಟು ಕೂತದ್ದು ಕಡಲಿನಿಂದ ಯಾರು ಬರುತ್ತಾರೆ ಅಂತ. ಯಾರ ದಾರಿ ಕಾದರು, ಕೊನೆಗೆ ಬಂದವರು ಯಾರು ಅನ್ನುವುದನ್ನು ಹಿಡಿದು ಹೊರಟರೆ ಈ ಊರಿನ ಚರಿತ್ರೆಯ ಒಂದು ಎಳೆ ಸಿಗುತ್ತದೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಸುರತ್ಕಲ್ಲಿನದು ಸುಲಭ. ಇಂಟರ್ನಲ್ಸ್ ಮುಗಿದ ಸಂಜೆ ನಾವೆಲ್ಲ ಹೋಗಿ ಕೂರುತ್ತಿದ್ದ ಜಾಗ ಅದು. ಪಡುವಣಕ್ಕೆ ಕಡಲು, ತೆಂಕಣಕ್ಕೆ ಪಣಂಬೂರಿನ ನವ ಮಂಗಳೂರು ಬಂದರು. ಬಂದರು ಅಲ್ಲಿಗೆ ಯಾಕೆ ಹೋಯಿತು ಅನ್ನುವುದಕ್ಕೂ ಕಾರಣ ಇದೆ. ಹಳೇ ಬಂದರು ಇದ್ದದ್ದು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕು, ಸರಕು ಸಣ್ಣ ದೋಣಿಗಳಲ್ಲಿ ಒಳಗೆ ಬರಬೇಕು. ಈ ತೊಂದರೆ ಇಲ್ಲದ ಆಳದ ಬಂದರನ್ನು ಪಣಂಬೂರಿನಲ್ಲಿ ಕಟ್ಟಿದರು. 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು.

ಆ ಅಳಿವೆಯನ್ನೇ ಕಾಯುವುದಕ್ಕೆ ಆದದ್ದು ಸುಲ್ತಾನ್ ಬತ್ತೇರಿ. ಬೋಳೂರಿನ ಹತ್ತಿರ, ಗುರುಪುರ ನದಿಯ ದಂಡೆಯಲ್ಲಿ ಕಪ್ಪು ಕಲ್ಲಿನ ಪುಟ್ಟ ಕಟ್ಟಡ. ಕೋಟೆ ಅಂದುಕೊಂಡು ಹೋದವರಿಗೆ "ಇಷ್ಟೇನಾ?" ಅನಿಸುತ್ತದೆ. ನನಗೂ ಮೊದಲ ಸಲ ಹಾಗೇ ಅನಿಸಿತ್ತು :) ಆದರೆ ಮೆಟ್ಟಿಲು ಹತ್ತಿ ತುಪಾಕಿ ಕಿಂಡಿಯೊಳಗಿಂದ ಒಮ್ಮೆ ನೋಡಿ. ಎದುರಿಗೆ ನದಿ, ಆಚೆ ದಡದಲ್ಲಿ ತಣ್ಣೀರುಬಾವಿ. ಈ ದಾರಿಯಲ್ಲಿ ಬರುವ ಯಾವ ದೋಣಿಯೂ ಕಿಂಡಿಯ ಕಣ್ಣು ತಪ್ಪಿಸಿ ಹೋಗಲಾರದು. ಕೆಳಗಿನ ನೆಲಮಾಳಿಗೆ ಮದ್ದುಗುಂಡಿಗೆ.

ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಆ ವರ್ಷಕ್ಕೆ ಅರ್ಥ ಇದೆ. 1768ರಲ್ಲಿ ಇಂಗ್ಲಿಷರು ಕಡಲಿನಿಂದ ಬಂದು ಮಂಗಳೂರು ಹಿಡಿದಿದ್ದರು, ಅದೇ ವರ್ಷ ಕಳೆದುಕೊಂಡರು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಮತ್ತೆ ಹಿಡಿದ. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತ. ಕೋಟೆಯೊಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್ 1784ರ ಜನವರಿಯಲ್ಲಿ ಶರಣಾದ, ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಎರಡು ಸಲ ಪೆಟ್ಟು ತಿಂದ ಮೇಲೆ ನದಿಗೆ ಕಾವಲು ಬಂತು ಅನ್ನಿ. ಆದರೆ ಮುಂದೆ ಆದದ್ದೇನು? 1799ರಲ್ಲಿ ಟಿಪ್ಪು ಸತ್ತದ್ದು ಶ್ರೀರಂಗಪಟ್ಟಣದಲ್ಲಿ. ಮಂಗಳೂರು ಕಂಪನಿಯ ಪಾಲಾದದ್ದು ಘಟ್ಟದ ಮೇಲಿನ ಆ ಸೋಲಿನಿಂದ. ಬತ್ತೇರಿ ಕಾಯುತ್ತಿದ್ದ ನದಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಮ್ಮ ಕೆಲಸದಲ್ಲೂ ಇದೇ ಕತೆ ನೋಡಿ. ಹೋದ ಸಲ ಸರ್ವರ್ ಎಲ್ಲಿ ಬಿದ್ದಿತ್ತೋ ಅಲ್ಲಿಗೆ ಅಲಾರಂ ಕಟ್ಟಿರುತ್ತೇವೆ. ಈ ಸಲ ಬೀಳುವುದು ಇನ್ನೊಂದು ಕಡೆ.

ಈಗ ಬಾವುಟಗುಡ್ಡೆಗೆ ಬರೋಣ. ಬಾವುಟ ಅಂದರೆ ಧ್ವಜ. ಊರ ನಡುವಿನ ಈ ಗುಡ್ಡದ ಮೇಲೆ ಹಳೇ ದೀಪಸ್ತಂಭ, ಟ್ಯಾಗೋರ್ ಪಾರ್ಕು, ಪಕ್ಕದಲ್ಲೇ 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಕಾಲೇಜು. ಪಾರ್ಕಿನಿಂದ ಹೆಂಚಿನ ಮಾಡುಗಳ, ತೆಂಗಿನ ತಲೆಗಳ ಆಚೆ ಕಡಲು ಕಾಣುತ್ತದೆ. ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ತುಂಡು ತುಂಡಾಗಿ ಕಾಣುತ್ತದೆ ಅನ್ನುವುದು ಸರಿ.

ನಾನು ಚಿಕ್ಕವನಿದ್ದಾಗ ರಜೆಯಲ್ಲಿ ಮೊಮ್ಮಕ್ಕಳೆಲ್ಲ ಸೇರಿ ಅಂಗಳದಲ್ಲಿ ಗಲಾಟೆ ಎಬ್ಬಿಸಿದರೆ ಅಜ್ಜಿ ಒಳಗಿಂದ ಕೂಗುತ್ತಿದ್ದರು, "ಎಂತ ಮಕ್ಕಳೇ ಅದು, ಕಲ್ಯಾಣಪ್ಪನ ಕಾಟಕಾಯಿಯಾ?" ಕಾಟಕಾಯಿ ಅಂದರೆ ದೊಂಬಿ, ಲೂಟಿ. ಕಲ್ಯಾಣಪ್ಪ ಅಂದರೆ ಯಾವನೋ ಕಳ್ಳ ಇರಬೇಕು ಅಂತ ನಾನು ಬಹಳ ವರ್ಷ ನಂಬಿದ್ದೆ.

ಸಂಗತಿ ಬೇರೆಯೇ ಇತ್ತು. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು. ಅಲ್ಲಿಯವರೆಗೆ ಕೊಡಗಿನ ಅರಸರ ಕೆಳಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮುಂಚೆ ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡಬಹುದಿತ್ತು, ಇನ್ನು ಮೇಲೆ ನಗದೇ ಆಗಬೇಕು ಅಂದಿತು ಕಂಪನಿ. ಗದ್ದೆ ಇದ್ದವನ ಹತ್ತಿರ ಭತ್ತ ಇರುತ್ತದೆ, ಹಣ ಎಲ್ಲಿಂದ ಬರಬೇಕು? ಬೆಳೆಯನ್ನು ಸಿಕ್ಕ ರೇಟಿಗೆ ಮಾರು, ಇಲ್ಲವೇ ಸಾಲ ಮಾಡು. ಜೊತೆಗೆ ಉಪ್ಪು, ಹೊಗೆಸೊಪ್ಪಿನ ಮೇಲೆ ಕಂಪನಿಯ ಏಕಸ್ವಾಮ್ಯ.

1837ರ ಮಾರ್ಚ್ ಕೊನೆಗೆ ಸುಳ್ಯದ ಪೂಮಲೆಯಿಂದ ಜನ ಹೊರಟರು. ಕೆದಂಬಾಡಿ ರಾಮಯ್ಯಗೌಡರು ಮುಂದಾಳು. ಪುಟ್ಟಬಸಪ್ಪ ಎಂಬವರನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಅಂತ ಮುಂದೆ ನಿಲ್ಲಿಸಿದರು. ಕಲ್ಯಾಣಪ್ಪ ಅನ್ನುವ ಹೆಸರು ಬಂದದ್ದು ಹೀಗೆ. ಪುತ್ತೂರು, ಬಂಟ್ವಾಳ ದಾಟುತ್ತಾ ದಂಡು ಬೆಳೆಯಿತು. ನಂದಾವರದ ಲಕ್ಷ್ಮಪ್ಪ ಬಂಗರಸರೂ ಸೇರಿಕೊಂಡರು. ಏಪ್ರಿಲ್ 5ಕ್ಕೆ ಮಂಗಳೂರು ಕೈವಶವಾಯಿತು. ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಯಿತು, ರೈತರ ಬಾವುಟ ಏರಿತು. 1857ಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು!

ಕಡಲಿನ ಆಳ್ವಿಕೆಗಾರರಿಗೆ ಈ ಸಲ ಪೆಟ್ಟು ಬಿದ್ದದ್ದು ಬೆನ್ನ ಹಿಂದಿನಿಂದ, ಗದ್ದೆ ತೋಟಗಳ ಕಡೆಯಿಂದ.

ಆ ಬಾವುಟ ಹಾರಿದ್ದು ಹದಿಮೂರು ದಿನ. ಕಣ್ಣೂರು, ತಲಶ್ಶೇರಿ, ಮುಂಬಯಿ ಕಡೆಗಳಿಂದ ಕಂಪನಿಯ ಪಡೆ ಬಂತು. ಗುಡ್ಡದ ಮೇಲಿದ್ದವರಿಗೆ ದೂರದಲ್ಲಿ ಹಾಯಿಗಳು ಕಂಡಿರಬೇಕು. ಎಷ್ಟು ಚಂದದ ನೋಟ ಅದು, ಎಷ್ಟು ಹೆದರಿಕೆಯದ್ದು. ಆಮೇಲೆ ಬಿಕರ್ನಕಟ್ಟೆಯಲ್ಲಿ ಪುಟ್ಟಬಸಪ್ಪ, ಬಂಗರಸರನ್ನು ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ. ಗೆದ್ದವರು ಇದನ್ನು ದೊಂಬಿ ಅಂತ ಕರೆದರು. ಸೋತವರ ಊರಿನಲ್ಲೇ ಆ ಮಾತು ಎಷ್ಟು ಆಳಕ್ಕೆ ಇಳಿಯಿತು ಅಂದರೆ, ನಮ್ಮಜ್ಜಿಯ ಬಾಯಲ್ಲಿ ಅದು ಮಕ್ಕಳನ್ನು ಗದರುವ ಮಾತಾಯಿತು.

2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ನಿಂತಿತು. ಆಗ ಅಜ್ಜಿ ಇರಲಿಲ್ಲ. ಇದ್ದಿದ್ದರೆ ಒಮ್ಮೆ ಕರೆದುಕೊಂಡು ಬಂದು, "ಅಜ್ಜಿ, ನೀವು ಹೇಳ್ತಿದ್ದ ಕಾಟಕಾಯಿ ಇವರದ್ದೇ" ಅಂತ ತೋರಿಸಬಹುದಿತ್ತು. "ಹೌದಾ ಮಗ? ನಮ್ಮ ಊರಿನವರಾ?" ಅನ್ನುತ್ತಿದ್ದರೇನೋ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಬಾವುಟಗುಡ್ಡೆ ಹತ್ತಿದ್ದೆ. ಎಲ್ಲರೂ ಪಡುವಣಕ್ಕೆ ಮೊಬೈಲ್ ಹಿಡಿದು ನಿಂತಿದ್ದರು. ಅಷ್ಟು ವರ್ಷ ನಾನೂ ಹಾಗೇ ನಿಂತವನು. ಆವತ್ತು ಮೂಡಣಕ್ಕೆ ತಿರುಗಿ ನಿಂತೆ. ಫೋಟೋ ತೆಗೆಯುವಂಥದ್ದು ಏನೂ ಇಲ್ಲ ಮಾರಾಯ್ರೆ. ಕಟ್ಟಡಗಳು, ವಯರುಗಳು, ಟ್ರಾಫಿಕ್ಕಿನ ಸದ್ದು. ಆ ಕಡೆಗೇ ಬಿಕರ್ನಕಟ್ಟೆ, ಅದರಾಚೆ ಬಂಟ್ವಾಳ, ಪುತ್ತೂರು, ಸುಳ್ಯ. ನಮ್ಮ ಮನೆ.

ಗೆಳೆಯನಿಗೆ ಇನ್ನೊಂದು ಮೆಸೇಜು ಹಾಕಿದ್ದೇನೆ. "ಬಾವುಟಗುಡ್ಡೆಯಲ್ಲಿ ಕಡಲು ನೋಡಿ ಆದ ಮೇಲೆ ಐದು ನಿಮಿಷ ಹಿಂದಕ್ಕೆ ತಿರುಗಿ ನಿಲ್ಲು. ಯಾಕೆ ಅಂತ ಸೋಮವಾರ ಹೇಳ್ತೀನಿ."

ನಿಮ್ಮ ಊರಿನಲ್ಲೂ ಇಂಥ ಗುಡ್ಡ, ಇಂಥ ಬೈಗುಳ ಇದ್ದರೆ ಬರೆಯಿರಿ. ಓದಲು ಕಾಯುತ್ತಿರುತ್ತೇನೆ.