ಕರಟದ ಇದ್ದಲೂ ಗಾಳಿಯ ದಾಖಲೆಯೂ

ತುಮಕೂರು, ಗುಬ್ಬಿ, ಕುಣಿಗಲುಗಳ ತೆಂಗಿನ ಸೀಮೆಯಲ್ಲಿ ಕರಟವು ಬಚ್ಚಲೊಲೆಯ ಉರುವಲಾಗಿಯೇ ಪರಿಚಿತವಾದುದು. ಆದರೆ ಗಾಳಿಯಲ್ಲಿ ಅತ್ಯಲ್ಪವಾಗಿ ಬೆರೆತ ಆವಿಗಳನ್ನು ಹಿಡಿದು ಅಳೆಯುವ ವಿದ್ಯೆಯ ಚರಿತ್ರೆಯಲ್ಲಿ ಅದಕ್ಕೆ ಗಣ್ಯವಾದ ಸ್ಥಾನವಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿ, ಇತಿಹಾಸದ ಅಭ್ಯಾಸಿಗಳಿಗೆ ಅದರಿಂದ ಒದಗುವ ಪಾಠವನ್ನು ಪರಿಶೀಲಿಸುತ್ತೇವೆ.

ಇದ್ದಲು ದುರ್ಗಂಧವನ್ನು ಹೀರುವುದೆಂಬುದು ಹಳೆಯ ತಿಳಿವಳಿಕೆ. 1854ರಲ್ಲಿ ಜಾನ್ ಸ್ಟೆನ್‌ಹೌಸ್ ಎಂಬ ರಸಾಯನಶಾಸ್ತ್ರಜ್ಞನು ಮರದ ಇದ್ದಲನ್ನು ತುಂಬಿದ ಮುಖವಾಡವೊಂದನ್ನು ರಚಿಸಿದನು. 1915ರ ಏಪ್ರಿಲಿನಲ್ಲಿ ಈಪ್ರ್ ರಣಭೂಮಿಯಲ್ಲಿ ಜರ್ಮನ್ ಸೇನೆಯು ಕ್ಲೋರಿನ್ ಅನಿಲವನ್ನು ಹರಿಯಬಿಟ್ಟ ಮೇಲೆ ಉತ್ತಮ ಇದ್ದಲಿನ ಶೋಧನೆಯು ತೀವ್ರವಾಯಿತು. ಕರಟದ ಇದ್ದಲು ಗಟ್ಟಿಯಾದುದು. ಅದರ ರಂಧ್ರಗಳು ಅತಿ ಸೂಕ್ಷ್ಮವಾದುವು. ಬಿಸಿಯುಗಿಯಿಂದ ಸಂಸ್ಕರಿಸಿದಾಗ ಅದರ ಒಂದು ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರುಗಳಷ್ಟಾಗುತ್ತದೆ. ಆವಿಗಳು ಅದಕ್ಕೆ ಅಂಟಿ ನಿಲ್ಲುತ್ತವೆ. 1918ರಲ್ಲಿ ಅಮೆರಿಕದಲ್ಲಿ ಕರಟವು ಸಾಲದೆ ಜನರಿಂದ ಪೀಚ್ ಹಣ್ಣಿನ ಗೊರಟೆಗಳನ್ನು ಸಂಗ್ರಹಿಸಬೇಕಾಯಿತು.

ರಕ್ಷಣೆಗೆ ಒದಗಿದ ಈ ಗುಣವೇ ಮುಂದೆ ಸಾಕ್ಷ್ಯಕ್ಕೂ ಒದಗಿತು. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಗ್ಯಾಸ್ ಕ್ರೊಮಟೋಗ್ರಫಿ ವಿಧಾನದಿಂದ ಬೆರೆತ ಆವಿಗಳನ್ನು ಬಿಡಿಬಿಡಿಯಾಗಿ ಅಳೆಯುವುದು ಸಾಧ್ಯವಾಯಿತು. 1970ರ ದಶಕದಲ್ಲಿ ರೂಢಿಗೆ ಬಂದ ಗಾಜಿನ ಕೊಳವೆಯಲ್ಲಿ ಕರಟದ ಇದ್ದಲಿನ ಎರಡು ಭಾಗಗಳಿವೆ: ಮುಂದೆ 100 ಮಿಲಿಗ್ರಾಂ, ಹಿಂದೆ 50. ಪಂಪಿನಿಂದ ಅಳತೆಯ ಗಾಳಿಯನ್ನು ಅದರೊಳಗೆ ಸೆಳೆದು, ಅಂಟಿದ ಆವಿಯನ್ನು ಕಾರ್ಬನ್ ಡೈಸಲ್ಫೈಡಿನಿಂದ ಬಿಡಿಸಿ ಪರೀಕ್ಷಿಸುತ್ತಾರೆ. ಹಿಂದಿನ ಭಾಗದಲ್ಲಿಯೂ ಆವಿಯು ಹೆಚ್ಚಾಗಿ ಕಂಡುಬಂದರೆ ಮುಂದಿನದು ತುಂಬಿಹೋಗಿದೆಯೆಂದೂ ಆ ಮಾದರಿಯನ್ನು ನಂಬಲಾಗದೆಂದೂ ತಿಳಿಯಬೇಕು. ತನ್ನ ದೋಷವನ್ನು ತಾನೇ ಹೇಳುವ ಇಂತಹ ದಾಖಲೆಯು ಇತಿಹಾಸಕಾರನಿಗೆ ಅಪರೂಪವಾದುದು.

ಭಾರತದಲ್ಲಿ ವಾಯುಮಾಲಿನ್ಯದ ಕಾಯಿದೆಯು 1981ರಲ್ಲಿ ಜಾರಿಗೆ ಬಂದಿತು. 2009ರ ನವೆಂಬರಿನ ಅಧಿಸೂಚನೆಯು ಬೆಂಜೀನಿಗೆ ಘನ ಮೀಟರಿಗೆ 5 ಮೈಕ್ರೋಗ್ರಾಮುಗಳ ವಾರ್ಷಿಕ ಸರಾಸರಿ ಮಿತಿಯನ್ನು ವಿಧಿಸಿತು. ಪೆಟ್ರೋಲಿನಲ್ಲಿರುವ ಈ ಆವಿಯು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಅದರ ವಾಸನೆಯು ಮೂಗಿಗೆ ತಿಳಿಯುವ ವೇಳೆಗೆ ಪ್ರಮಾಣವು ಈ ಮಿತಿಯ ನೂರಾರು ಪಟ್ಟು ಏರಿರುತ್ತದೆ. ಆದುದರಿಂದ ಇಲ್ಲಿ ಜನರ ನೆನಪು ಸಾಕ್ಷ್ಯವಾಗಲಾರದು; ಅಳತೆಯೊಂದೇ ಸಾಕ್ಷ್ಯ.

ತುಮಕೂರನ್ನು 48ನೆಯ, ಗುಬ್ಬಿಯನ್ನು 73ನೆಯ, ಕುಣಿಗಲನ್ನು 75ನೆಯ ರಾಷ್ಟ್ರೀಯ ಹೆದ್ದಾರಿಗಳು ಮುಟ್ಟಿ ಸಾಗುತ್ತವೆ. ಹೆದ್ದಾರಿಯ ಬದಿಯ ಅಂಗಡಿಯವರೂ ಪೆಟ್ರೋಲ್ ಬಂಕಿನ ಕೆಲಸಗಾರರೂ ಎಂತಹ ಗಾಳಿಯನ್ನು ಉಸಿರಾಡಿದರೆಂದು ಮುಂದಿನ ಇತಿಹಾಸಕಾರನು ಕೇಳದೆ ಇರನು. ದಾಖಲೆಯಲ್ಲಿ ಇಲ್ಲದುದು ಗಾಳಿಯಲ್ಲಿಯೂ ಇರಲಿಲ್ಲವೆಂದು ಅವನು ತೀರ್ಮಾನಿಸುವಂತಿಲ್ಲ. ದಿನ, ಸ್ಥಳ, ಸೆಳೆದ ಗಾಳಿಯ ಪ್ರಮಾಣಗಳನ್ನು ಬರೆದಿಟ್ಟ ಮಾದರಿಗಳು ಶಾಸನಗಳಷ್ಟೇ ಜೋಪಾನಕ್ಕೆ ಅರ್ಹವೆಂಬುದು ನಮ್ಮ ಅಭಿಪ್ರಾಯ.