ಪತಂಗ ದಾಖಲಾತಿ (ಉತ್ತರ ಕನ್ನಡ ಕರಾವಳಿ)

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಿತ್ತಲು, ತೋಟಗಳಲ್ಲಿ ರಾತ್ರಿ ಬೆಳಕಿನ ಬಲೆಯಿಟ್ಟು ಪತಂಗಗಳನ್ನು ಗುರುತಿಸಿ ಬರೆದಿಡುವ ಕ್ರಮ. ಇಲ್ಲಿ ಬೇಸಿಗೆಯೆಂದರೆ ಮಾರ್ಚ್‌ನಿಂದ ಮೇ.

ಹಿನ್ನೆಲೆ: ಈ ಜಿಲ್ಲೆಯ ಪತಂಗಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅರಣ್ಯಾಧಿಕಾರಿ ಟಿ. ಆರ್. ಬೆಲ್ (1863–1948) ಪ್ರಮುಖರು. ಕಾರವಾರದಲ್ಲಿ ನೆಲೆಸಿದ್ದ ಅವರು ಮರಿಹುಳುಗಳನ್ನು ಸಾಕಿ, ಆಹಾರಸಸ್ಯಗಳ ಸಮೇತ ವಿವರ ಬರೆದರು. ಎಫ್. ಬಿ. ಸ್ಕಾಟ್ ಜೊತೆ ಅವರು ಬರೆದ ಸ್ಫಿಂಜಿಡೇ (ಹಾಕ್ ಪತಂಗ) ಕುಟುಂಬದ ಸಂಪುಟ 1937ರಲ್ಲಿ ಪ್ರಕಟವಾಯಿತು.

ವಿಧಾನ: ಬಿಳಿ ಬಟ್ಟೆಯ ಮುಂದೆ ದೀಪ ಉರಿಸುವುದು ಸುಲಭ ಕ್ರಮ. ಪೆಟ್ಟಿಗೆ ಬಲೆಯಾದರೆ ಒಳಗೆ ಮೊಟ್ಟೆಯ ಟ್ರೇಗಳನ್ನಿಟ್ಟರೆ ಪತಂಗಗಳು ಅವುಗಳ ಸಂದಿಯಲ್ಲಿ ಕೂರುತ್ತವೆ. ಗಾಳಿಯಿಲ್ಲದ, ಸೆಕೆಯ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಹೆಚ್ಚು ಬೀಳುತ್ತವೆ, ಬೆಳದಿಂಗಳಲ್ಲಿ ಕಡಿಮೆ. ದಿನಾಂಕ, ಸ್ಥಳ, ಸಮಯ, ದೀಪದ ಬಗೆ, ಹವೆ, ಸಂಖ್ಯೆ ಬರೆದು, ರೆಕ್ಕೆಯ ಮೇಲ್ಭಾಗದ ಫೋಟೋ ತೆಗೆಯಬೇಕು.

ಮುಖ್ಯ ಪ್ರಭೇದಗಳು: ಕಣಗಿಲೆ, ನಂದಿಬಟ್ಟಲು ಎಲೆ ತಿಂದು ಬೆಳೆಯುವ ಡಾಫ್ನಿಸ್ ನೀರಿಯೈ ಹಸಿರು ಚಿತ್ತಾರದ ದೊಡ್ಡ ಪತಂಗ, ಇದರ ಮರಿಹುಳುವಿನ ಮೈಮೇಲೆ ನೀಲಿ ಕಣ್ಣಿನಂಥ ಚುಕ್ಕೆಗಳಿರುತ್ತವೆ. ತೆಂಗಿನ ಗರಿ ಕೆರೆದು ತಿನ್ನುವ ಕಪ್ಪುತಲೆ ಹುಳುವಿನ ಬೂದುಬಣ್ಣದ ಪತಂಗ ಚಿಕ್ಕದು. ಬಾಧೆ ಬೇಸಿಗೆಯಲ್ಲಿ ಹೆಚ್ಚು. ಸಾಗುವಾನಿ ಎಲೆ ಬೋಳಿಸುವ ಹೈಬ್ಲಿಯಾ ಪ್ಯೂರಾ ಮುಂಗಾರುಪೂರ್ವ ಮಳೆಯ ಹೊತ್ತಿಗೆ ಗುಂಪಾಗಿ ಏಳುತ್ತದೆ.

ಎಚ್ಚರಿಕೆ: ಹಕ್ಕಿಗಳು ಹಿಡಿದು ತಿನ್ನದಂತೆ, ಬೆಳಗಾಗುವ ಮೊದಲೇ ಪತಂಗಗಳನ್ನು ಗಿಡಗಳ ಮರೆಗೆ ಬಿಡಬೇಕು. ಪತಂಗಗಳನ್ನು ಗುರುತಿಸಿ ದಾಖಲಿಸಲು 2012ರಲ್ಲಿ ಆರಂಭವಾದ ಪತಂಗ ಸಪ್ತಾಹ ಜುಲೈ ಕೊನೆಯಲ್ಲಿ ನಡೆಯುತ್ತದೆ. ಆದರೆ ಕರಾವಳಿಯಲ್ಲಿ ಅದು ಮುಂಗಾರಿನ ಕಾಲವಾದ್ದರಿಂದ ಮಳೆ ನೋಡಿಕೊಂಡು ಬಲೆಯಿಡಬೇಕು.