ಲಾಸಾದ ಎತ್ತರದಿಂದ ಬೈಲಕುಪ್ಪೆಗೆ

ಈಕ್ವೆಡಾರಿನ ಕೀಟೊ ನಗರಕ್ಕೆ ಪ್ರವಾಸ ಹೊರಟವರು ಮೊದಲ ಒಂದೆರಡು ದಿನ ಊರಲ್ಲೇ ಸುಧಾರಿಸಿಕೊಳ್ಳುವುದು ಒಳ್ಳೆಯದು. 2,850 ಮೀಟರ್ ಎತ್ತರದ ತೆಳುಗಾಳಿಗೆ ಮೈ ಒಗ್ಗುವ ಮೊದಲೇ 5,897 ಮೀಟರಿನ ಕೋಟೊಪಾಕ್ಸಿ ಜ್ವಾಲಾಮುಖಿಯತ್ತ ನಡೆದರೆ ತಲೆನೋವು, ವಾಕರಿಕೆ ಕಾಡಬಹುದು.

ಎತ್ತರಕ್ಕೆ ಏರುವವರ ಪಾಡು ಇದಾದರೆ, ನಮ್ಮ ಪಿರಿಯಾಪಟ್ಟಣ ತಾಲ್ಲೂಕು ಕಂಡದ್ದು ಎತ್ತರದಿಂದ ಇಳಿದು ಬಂದವರನ್ನು.

1959ರಲ್ಲಿ ದಲೈ ಲಾಮಾ ಭಾರತ ಸೇರಿದರು. ಅವರ ಬೆನ್ನಿಗೇ ಗಡಿ ದಾಟಿದ ಟಿಬೆಟನ್ನರಿಗೆ ನೆಲೆ ಕೊಡಿರೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ, ಮೈಸೂರು ರಾಜ್ಯ ಈ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಟಿಬೆಟಿನ ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಬೈಲಕುಪ್ಪೆ ಸಾವಿರ ಮೀಟರನ್ನೂ ಮುಟ್ಟದು. ಇಲ್ಲಿ ಉಸಿರಾಟ ಸಲೀಸು, ಆದರೆ ಚಳಿನಾಡಿನ ಮೈಗೆ ಸೆಕೆಯೇ ಶಿಕ್ಷೆ. ಅದರ ಮೇಲೆ ಕಾಡು ಕಡಿದು ಹೊಲ ಮಾಡಬೇಕು, ಡೇರೆಯಲ್ಲಿ, ಬಿದಿರ ಗುಡಿಸಲಲ್ಲಿ ಮಲಗಬೇಕು, ರಾತ್ರಿ ಆನೆ ಕಾಯಬೇಕು. ಬಾರ್ಲಿ ಬೆಳೆದ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿತವು. ಕೀಟೊ ಇರುವ ಆಂಡಿಸ್ ತಪ್ಪಲಿನ ರೈತರೂ ಸಾವಿರಾರು ವರ್ಷ ಬೆಳೆದ ಬೆಳೆ ಅದು!

1963ರಲ್ಲಿ ಟಿಬೆಟನ್ ಗುರು ಪೆನೋರ್ ರಿಂಪೊಚೆ ಇಲ್ಲಿ ನಾಮ್‌ಡ್ರೋಲಿಂಗ್ ಮಠ ಆರಂಭಿಸಿದರು; ಅದರ ಮೊದಲ ಗುಡಿ ಬಿದಿರಿನದು. ಕುಶಾಲನಗರದಿಂದ ಆಟೋ ಹಿಡಿದು ಬರುವವರು ನೋಡುವ, ಇದೇ ಮಠದ ಗೋಲ್ಡನ್ ಟೆಂಪಲ್ ಪೂರ್ಣಗೊಂಡದ್ದು 1999ರಲ್ಲಿ. ಫೋಟೊ ತೆಗೆದು ಅಲ್ಲಿಂದಲೇ ಮರಳುವವರು ಟಿಬೆಟನ್ನರ ಶಿಬಿರಗಳ ಜೋಳದ ಹೊಲಗಳತ್ತಲೂ ಹೋಗಿಬರಬೇಕು. ಈ ಊರಿನ ನಿಜವಾದ ಚರಿತ್ರೆ ಇರುವುದು ಅಲ್ಲಿ.